ಬೆಂಕಿಯ ಕೆಲಸ ಮುಗಿಸಿಟ್ಟ ಆಹಾರಗಳು

ಸಂಜೆ ಕಚೇರಿಯಿಂದ ಬಳಲಿ ಬಂದವರಿಗೆ, ಪರೀಕ್ಷೆಯ ದಿನಗಳಲ್ಲಿ ಬಾಡಿಗೆಯ ಕೊಠಡಿಯಲ್ಲಿ ಓದುತ್ತಿರುವ ವಿದ್ಯಾರ್ಥಿಗೆ, ಮಕ್ಕಳು ದೂರದ ಊರುಗಳಲ್ಲಿ ನೆಲೆಸಿದ ಮೇಲೆ ಇಬ್ಬರೇ ಉಳಿದ ವೃದ್ಧ ದಂಪತಿಗಳಿಗೆ, ರಾತ್ರಿಯ ಬಸ್ಸಿನಿಂದ ಅಕಾಲದಲ್ಲಿ ಇಳಿದುಬಂದ ಅತಿಥಿಗೆ, ಹತ್ತು ನಿಮಿಷದೊಳಗೆ ಹೊಟ್ಟೆ ತುಂಬುವಂಥ ಏನನ್ನಾದರೂ ಒದಗಿಸಬೇಕಾಗಿ ಬಂದಾಗ, ಇಂದು ಬಹುಮಂದಿಯ ಕೈ ತಾನಾಗಿಯೇ ಅಂಗಡಿಯ ಪೊಟ್ಟಣದ ಕಡೆಗೆ ಚಾಚುತ್ತದೆ. ಅದು ದೋಷವೆಂದು ಹೇಳುವುದು ನನ್ನ ಉದ್ದೇಶವಲ್ಲ. ಕೆಲವು ಪೊಟ್ಟಣಗಳ ಹಿಂದೆ ಗಂಭೀರವಾದ ವಿಜ್ಞಾನವಿದೆ. ಆದರೆ ಅಗ್ನಿಯ ಕೆಲಸವನ್ನೆಲ್ಲ ಬಿಡುವಿನ ದಿನವೊಂದರಲ್ಲಿ ಮುಂಚಿತವಾಗಿ ಮುಗಿಸಿಟ್ಟು, ಉಣ್ಣುವ ಹೊತ್ತಿಗೆ ನೀರನ್ನೋ ಮಜ್ಜಿಗೆಯನ್ನೋ ಹಾಲನ್ನೋ ಮಾತ್ರ ಅಪೇಕ್ಷಿಸುವ ಆಹಾರಗಳ ಒಂದು ದೊಡ್ಡ ಸಂಪತ್ತನ್ನು ಕನ್ನಡನಾಡಿನ ಮನೆಗಳು ಬಹುಕಾಲದಿಂದ ಬಲ್ಲವು. ಮನೆಯ ಡಬ್ಬಿಯದಾಗಲಿ ಅಂಗಡಿಯ ಪೊಟ್ಟಣದ್ದಾಗಲಿ, ಇಂಥ ಪದಾರ್ಥವನ್ನು ವಿವೇಕದಿಂದ ಬಳಸಬೇಕಾದರೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬೆಂಕಿಯ ಕೆಲಸ ಇದರಲ್ಲಿ ಎಷ್ಟರಮಟ್ಟಿಗೆ ಮುಗಿದಿದೆ, ನನ್ನ ಪಾಲಿಗೆ ಉಳಿದಿರುವುದೆಷ್ಟು? ಈ ಪ್ರಶ್ನೆಗೆ ಉತ್ತರ ಗೊತ್ತಿದ್ದವರಿಗೆ ಎಷ್ಟು ನೀರು ಹಾಕಬೇಕು, ಎಷ್ಟು ಹೊತ್ತು ಕಾಯಬೇಕು, ಎಷ್ಟು ದಿನ ಇಡಬಹುದು ಎಂಬ ಉಳಿದ ಸಂಗತಿಗಳೆಲ್ಲ ಹೆಚ್ಚು ಕಡಮೆ ತಾವಾಗಿಯೇ ತಿಳಿಯುತ್ತವೆ.

ಈ ವರ್ಗದಲ್ಲಿ ಅಗ್ರಸ್ಥಾನ ಅವಲಕ್ಕಿಗೆ ಸಲ್ಲತಕ್ಕದ್ದು. ಭತ್ತವನ್ನು ನೀರಿನಲ್ಲಿ ನೆನೆಸಿ, ಕಾದ ಬಾಣಲೆಯಲ್ಲಿ ಹುರಿದು, ಬಿಸಿಯಿರುವಾಗಲೇ ಒರಳಿನಲ್ಲಿ ಕುಟ್ಟಿ ಅಥವಾ ಯಂತ್ರದ ಉರುಳೆಗಳ ನಡುವೆ ಒತ್ತಿ ಚಪ್ಪಟೆಗೊಳಿಸುವ ಕ್ರಮದಲ್ಲಿ, ಕಾಳಿನೊಳಗಿನ ಪಿಷ್ಟವು ನೀರು ಮತ್ತು ಶಾಖಗಳ ಸಂಯೋಗದಿಂದ ಆಗಲೇ ಪಕ್ವವಾಗಿಬಿಡುವುದರಿಂದ, ಅದಕ್ಕೆ ಮತ್ತೆ ಕುದಿಯುವ ನೀರಿನ ಅಗತ್ಯವೇ ಬೀಳುವುದಿಲ್ಲ. ಕಳೆದುಕೊಂಡ ತೇವವನ್ನು ಹಿಂದಕ್ಕೆ ಕೊಟ್ಟರೆ ಸಾಕು. ಎಷ್ಟು ತೇವ ಎಂಬುದು ಅವಲಕ್ಕಿಯ ದಪ್ಪವನ್ನು ಅವಲಂಬಿಸಿದೆ, ಮತ್ತು ಅಡುಗೆ ಕೆಡುವುದು ಬಹುಮಟ್ಟಿಗೆ ಈ ಒಂದು ವಿಷಯದಲ್ಲಿಯೇ. ಕಾಗದದಂತಿರುವ ತೆಳು ಅವಲಕ್ಕಿಯನ್ನು ನೀರಿನಲ್ಲಿ ಅದ್ದಲೇಬಾರದು. ಕಾಯಿತುರಿ ಮತ್ತು ಬೆಲ್ಲಗಳನ್ನು ಕೈಯಿಂದ ಚೆನ್ನಾಗಿ ಹಿಸುಕಿ, ಅವುಗಳಿಂದ ಒಸರುವ ರಸದಲ್ಲಿಯೇ ಅದನ್ನು ಕಲಸಿ, ಒಂದಿಷ್ಟು ಸಾರಿನ ಪುಡಿ, ಉಪ್ಪು, ತೆಂಗಿನೆಣ್ಣೆಯ ಒಗ್ಗರಣೆ ಸೇರಿಸಿದರೆ, ದಕ್ಷಿಣ ಕನ್ನಡ ಮತ್ತು ಉಡುಪಿ ಸೀಮೆಯ ಮನೆಗಳಲ್ಲಿ ಬೆಳಗಿನ ಉಪಾಹಾರವಾಗಿ ಬರುವ ಖಾದ್ಯವು ಐದೇ ನಿಮಿಷದಲ್ಲಿ ಸಿದ್ಧ. ಮಧ್ಯಮ ಅವಲಕ್ಕಿಯನ್ನು ಜಾಲರಿಯಲ್ಲಿ ಹಾಕಿ ಒಮ್ಮೆ ನೀರು ಹಾಯಿಸಿ ಬಸಿದರೆ ಮುಗಿಯಿತು. ಗಟ್ಟಿ ಅವಲಕ್ಕಿಯನ್ನಾದರೋ ತೊಳೆದು, ಮುಳುಗುವಷ್ಟು ನೀರಿನಲ್ಲಿ ಎರಡು ಮೂರು ನಿಮಿಷವಿರಿಸಿ, ನೀರನ್ನು ಪೂರ್ಣವಾಗಿ ಬಸಿದು, ಮುಚ್ಚಿ ಹತ್ತು ನಿಮಿಷ ಬಿಡಬೇಕು. ಬೆರಳುಗಳ ನಡುವೆ ಒತ್ತಿದಾಗ ನಡುವೆ ಬಿರುಸಿಲ್ಲದೆ ಮುರಿದರೆ ಅದು ಹದಕ್ಕೆ ಬಂದಿದೆಯೆಂದು ತಿಳಿಯತಕ್ಕದ್ದು. ಹೀಗೆ ನೆನೆದ ಅವಲಕ್ಕಿಗೆ ಗಟ್ಟಿ ಮೊಸರು, ಉಪ್ಪು, ಹಸಿಶುಂಠಿ, ಇಂಗಿನ ಒಗ್ಗರಣೆ ಬೆರೆಸಿದ ಮೊಸರವಲಕ್ಕಿಯು ಬೇಸಗೆಯ ರಾತ್ರಿಗೆ ಪರಿಪೂರ್ಣವಾದ ಭೋಜನ.

ಮೈಸೂರು ಸೀಮೆಯ ಗೊಜ್ಜವಲಕ್ಕಿಯನ್ನು ಕುರಿತು ತುಸು ವಿಸ್ತಾರವಾಗಿ ಹೇಳುವುದು ಅವಶ್ಯ. ಏಕೆಂದರೆ ಪ್ರಯಾಣಕ್ಕೆ ಅದಕ್ಕಿಂತ ಯೋಗ್ಯವಾದ ತಿಂಡಿಯನ್ನು ನಾನು ಕಾಣೆ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ, ದಪ್ಪ ರವೆಯಷ್ಟು ತರಿಯಾಗಿ ಮಾಡಿಟ್ಟುಕೊಳ್ಳಬೇಕು. ಈ ತರಿ ಎರಡು ಲೋಟವಾದರೆ, ನಿಂಬೆಯ ಗಾತ್ರದ ಹುಣಸೆಹಣ್ಣನ್ನು ಕಿವುಚಿ ತೆಗೆದ ಸುಮಾರು ಒಂದೂವರೆ ಲೋಟ ಹುಳಿನೀರಿಗೆ ಬೆಲ್ಲ, ಉಪ್ಪು, ಅರಿಸಿನ, ಎರಡು ಚಮಚ ಸಾರಿನ ಪುಡಿಯನ್ನು ಕದಡಿ, ರುಚಿ ನೋಡಿ, ಬಾಯಿಗೆ ಸ್ವಲ್ಪ ಹೆಚ್ಚೆನಿಸುವಷ್ಟೇ ಉಪ್ಪು ಹುಳಿ ಸಿಹಿಗಳಿವೆಯೆಂದು ಖಚಿತಪಡಿಸಿಕೊಂಡು, ಆ ನೀರನ್ನು ತರಿಯ ಮೇಲೆ ಹೊಯ್ದು ಇಪ್ಪತ್ತು ನಿಮಿಷ ಮುಚ್ಚಿಡಬೇಕು. ಅನಂತರ ಉದುರುದುರಾಗಿ ಬಿಡಿಸಿ, ಕಡಲೆಕಾಯಿಬೀಜ, ಕಡಲೆಬೇಳೆ, ಒಣಮೆಣಸಿನಕಾಯಿ, ಕರಿಬೇವುಗಳ ಒಗ್ಗರಣೆಯನ್ನೂ ಒಣಕೊಬ್ಬರಿಯ ತುರಿಯನ್ನೂ ಸೇರಿಸುವುದು. ಹಸಿ ತೆಂಗಿನಕಾಯಿಯನ್ನು ಇದಕ್ಕೆ ಬಳಸುವವರು ಅದನ್ನು ಮಧ್ಯಾಹ್ನದೊಳಗೆ ಮುಗಿಸಿಬಿಡಬೇಕು. ಕೊಬ್ಬರಿಯಾದರೆ ಬೆಳಗ್ಗೆ ಕಟ್ಟಿದ ಬುತ್ತಿ ಸಂಜೆಯವರೆಗೂ ಕೆಡದೆ ಉಳಿಯುತ್ತದೆ.

ಅಕ್ಕಿಗೆ ಅವಲಕ್ಕಿ ಹೇಗೋ ರಾಗಿಗೆ ಹುರಿಹಿಟ್ಟು ಹಾಗೆ. ರಾಗಿಗೆ ನೀರನ್ನೋ ಮಜ್ಜಿಗೆಯನ್ನೋ ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿ ಕೆಲವು ಗಂಟೆಗಳ ಕಾಲ ಬಿಟ್ಟು, ಮೇಲಿನ ಪಸೆಯನ್ನು ನೆರಳಿನಲ್ಲಿ ಆರಿಸಿ, ಚೆನ್ನಾಗಿ ಕಾದ ಬಾಣಲೆಗೆ ಹಿಡಿಹಿಡಿಯಾಗಿ ಹಾಕಿದಾಗ, ಕಾಳಿನೊಳಗೆ ಸಿಕ್ಕಿಬಿದ್ದ ತೇವವು ಆವಿಯಾಗಿ ಸಿಪ್ಪೆಯನ್ನು ಸೀಳಿಕೊಂಡು ಹೊರಬರುತ್ತದೆ, ಪಿಷ್ಟವು ಅರಳಿ ಬೆಳ್ಳಗಾಗುತ್ತದೆ. ಈ ಅರಳನ್ನು ಹುರಿಗಡಲೆಯೊಡನೆ, ಇಷ್ಟವಿದ್ದರೆ ಏಲಕ್ಕಿಯೊಡನೆ ಬೀಸಿದ ಹಿಟ್ಟೇ ಹುರಿಹಿಟ್ಟು. ನಾಲ್ಕು ದೊಡ್ಡ ಚಮಚ ಹಿಟ್ಟಿಗೆ ಪುಡಿಬೆಲ್ಲ, ಒಂದು ಚಮಚ ತುಪ್ಪ, ಕಾಯಿತುರಿ ಸೇರಿಸಿ, ಕಾಯಿಸಿದ ಹಾಲನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತ ಉಂಡೆಯಾಗುವಂತೆ ಕಲಸಿದರೆ ಮಕ್ಕಳ ಸಂಜೆಯ ಹಸಿವಿಗೆ ಸಾಕು. ಅದನ್ನೇ ಮಜ್ಜಿಗೆಯಲ್ಲಿ ತೆಳ್ಳಗೆ ಕದಡಿ ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ ಹಾಕಿದರೆ ಬಿಸಿಲಿನಲ್ಲಿ ದುಡಿದು ಬಂದವರಿಗೆ ಪಾನೀಯವೂ ಹೌದು, ಆಹಾರವೂ ಹೌದು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದ ಅಂಶವಿದೆ. ನಮ್ಮ ನಿತ್ಯದ ಧಾನ್ಯಗಳಲ್ಲಿ ಇದಕ್ಕೆ ಸಮನಾದದ್ದು ಮತ್ತೊಂದಿಲ್ಲ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಂಗಡಿಯ ಸಾಲಿನಲ್ಲಿ ಹುರಿಹಿಟ್ಟು, ಹಸಿ ರಾಗಿಹಿಟ್ಟು, ಮೊಳಕೆ ಕಟ್ಟಿದ ರಾಗಿಯ ಮಾಲ್ಟ್ ಹಿಟ್ಟು ಇವು ಮೂರೂ ಅಕ್ಕಪಕ್ಕದಲ್ಲಿಯೇ ಇರುತ್ತವೆ, ಬಣ್ಣದಲ್ಲಿಯೂ ಹೆಚ್ಚಿನ ವ್ಯತ್ಯಾಸವಿರುವುದಿಲ್ಲ. ಆದರೆ ಮೊದಲನೆಯದನ್ನು ಮಾತ್ರ ಹಾಗೆಯೇ ತಿನ್ನಬಹುದು, ಉಳಿದೆರಡನ್ನು ಸಾಮಾನ್ಯವಾಗಿ ನೀರಿನಲ್ಲಿ ಕದಡಿ ಕುದಿಸಿಯೇ ಸೇವಿಸಬೇಕು. ಗೊತ್ತಿಲ್ಲದೆ ಹಸಿ ಹಿಟ್ಟನ್ನು ಹಾಲಿಗೆ ಕಲಸಿ ಮಗುವಿಗೆ ಕೊಟ್ಟು ಹೊಟ್ಟೆನೋವಿಗೆ ಕಾರಣರಾಗುವುದು ಬೇಡ.

ಉತ್ತರ ಕರ್ನಾಟಕಕ್ಕೆ ಹೋದರೆ ಈ ವಿದ್ಯೆ ಇನ್ನೊಂದು ರೂಪವನ್ನು ತಾಳಿದೆ. ಅಲ್ಲಿ ಜೋಳದ ರೊಟ್ಟಿಯನ್ನು ಬಡಿದು ಸುಟ್ಟು, ಒಲೆಯ ಪಕ್ಕದ ಕಾವಿನಲ್ಲಿ ನಿಲ್ಲಿಸಿ ತೇವವೆಲ್ಲ ಆರುವಂತೆ ಒಣಗಿಸಿದ ಕಟಕ ರೊಟ್ಟಿಯನ್ನು ಒಂದರ ಮೇಲೊಂದು ಪೇರಿಸಿಟ್ಟರೆ, ವಾರಗಟ್ಟಲೆ ಕೆಡುವುದಿಲ್ಲ. ನಾಗರಪಂಚಮಿಯ ಸಮಯದಲ್ಲಿ ರೊಟ್ಟಿ ಹಬ್ಬವೆಂದು ಮನೆಯಿಂದ ಮನೆಗೆ ಈ ರೊಟ್ಟಿಗಳನ್ನು ಹಂಚುವ ಪದ್ಧತಿಯೂ ಉಂಟು. ಗುರೆಳ್ಳು, ಅಗಸಿ, ಶೇಂಗಾಗಳ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಒಂದಿಷ್ಟು ಎಣ್ಣೆ ಇವುಗಳೊಡನೆ ಕಟಕ ರೊಟ್ಟಿ ಬಡಿಸಿದರೆ ಒಲೆಯ ಮುಖವನ್ನೇ ನೋಡದೆ ಪೂರ್ತಿ ಊಟವಾಗುತ್ತದೆ. ಹಲ್ಲು ಸಡಿಲವಾದ ಹಿರಿಯರಿಗೆ ಅದನ್ನು ಮುರಿದು ಬಿಸಿ ಸಾರಿನಲ್ಲಿಯೋ ಮಜ್ಜಿಗೆಯಲ್ಲಿಯೋ ಕೆಲವು ನಿಮಿಷ ನೆನೆಸಿ ಕೊಡುವುದು ಸೂಕ್ತ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ, ತಡಮಾಡದೆ ಹಿಂಡಿ ತೆಗೆದು, ಉಳ್ಳಾಗಡ್ಡಿ ಹಸಿಮೆಣಸಿನಕಾಯಿಗಳ ಒಗ್ಗರಣೆಯಲ್ಲಿ ಹೊರಳಿಸಿ, ಮೇಲೆ ಪುಟಾಣಿಯ ಹಿಟ್ಟು ಉದುರಿಸುವ ಸೂಸಲವೂ, ಹುಬ್ಬಳ್ಳಿ-ಧಾರವಾಡಗಳ ಗಿರ್ಮಿಟ್ಟೂ ಇದೇ ಕುಲಕ್ಕೆ ಸೇರಿದವು. ಸೂಸಲದಲ್ಲಿ ಗುಟ್ಟಿರುವುದು ಹಿಂಡುವ ಕೈಯಲ್ಲಿ: ನೀರಿನಲ್ಲಿ ಅರೆ ನಿಮಿಷ ಹೆಚ್ಚಾದರೂ ಮಂಡಕ್ಕಿ ಮುದ್ದೆಯಾಗುತ್ತದೆ.

ಇವೆಲ್ಲಕ್ಕೂ ರುಚಿಯ ಆಧಾರವಾಗಿ ನಿಲ್ಲುವ ಗೊಜ್ಜು ಮತ್ತು ಪುಡಿಗಳು ದೀರ್ಘಕಾಲ ಉಳಿಯುವುದಕ್ಕೆ ಕಾರಣವೇನೆಂಬುದನ್ನು ಅರಿತಿರುವುದು ಒಳ್ಳೆಯದು. ಸೂಕ್ಷ್ಮಾಣುಗಳು ಬೆಳೆಯಲು ನೀರು ಬೇಕು. ಹುರಿದ ಪುಡಿಯಲ್ಲಿ ಅದಿಲ್ಲ. ಪುಳಿಯೋಗರೆಯ ಗೊಜ್ಜಿನಲ್ಲಾದರೋ ಉಪ್ಪು, ಬೆಲ್ಲಗಳು ಇದ್ದ ನೀರನ್ನೂ ಸೂಕ್ಷ್ಮಾಣುಗಳಿಗೆ ಸಿಗದಂತೆ ಹಿಡಿದಿಡುತ್ತವೆ, ಹುಣಸೆಯ ಆಮ್ಲವು ಅವುಗಳ ಬೆಳವಣಿಗೆಯನ್ನು ತಡೆಯುತ್ತದೆ, ಮೇಲೆ ನಿಂತ ಎಳ್ಳೆಣ್ಣೆಯು ಗಾಳಿಯನ್ನು ತಡೆಯುತ್ತದೆ. ಹುಣಸೆಯ ಗಟ್ಟಿ ರಸವನ್ನು ಎಣ್ಣೆ ಅಂಚಿನಲ್ಲಿ ಬಿಡುವವರೆಗೂ ಮಂದಾಗ್ನಿಯಲ್ಲಿ ಕುದಿಸಬೇಕೆಂದು ಹಿರಿಯರು ಹೇಳುತ್ತ ಬಂದುದಕ್ಕೆ ಅರ್ಥವಿದೆ: ಎಣ್ಣೆ ಬಿಟ್ಟಿತೆಂದರೆ ಹೆಚ್ಚಿನ ನೀರು ಆರಿತೆಂದು ಲೆಕ್ಕ. ಈ ಗೊಜ್ಜನ್ನು ಗಾಜಿನ ಸೀಸೆಯಲ್ಲಿಯೋ ಪಿಂಗಾಣಿಯ ಭರಣಿಯಲ್ಲಿಯೋ ಇಡಬೇಕೇ ಹೊರತು, ಆಮ್ಲದೊಡನೆ ವರ್ತಿಸುವ ಅಲ್ಯೂಮಿನಿಯಂ ಅಥವಾ ಹಿತ್ತಾಳೆಯ ಪಾತ್ರೆಯಲ್ಲಿ ಇಡಕೂಡದು. ಒದ್ದೆ ಚಮಚವನ್ನು ಅದರೊಳಗೆ ಇಳಿಸಲೂ ಕೂಡದು. ಒಂದು ಭರಣಿ ಗೊಜ್ಜಿದ್ದರೆ ಅನ್ನಕ್ಕೆ ಕಲಸಬಹುದು, ಅನ್ನ ಮಾಡುವುದಕ್ಕೂ ಶಕ್ತಿಯಿಲ್ಲದ ದಿನ ನೆನೆದ ಅವಲಕ್ಕಿಗೆ ಕಲಸಬಹುದು. ಶೇಂಗಾ, ಎಳ್ಳು, ಕೊಬ್ಬರಿಗಳಿರುವ ಪುಡಿಗಳ ವಿಷಯ ಬೇರೆ: ಅವು ಬೂಸ್ಟು ಹಿಡಿಯದಿದ್ದರೂ ಅವುಗಳ ಎಣ್ಣೆ ಕಾಲಕ್ರಮದಲ್ಲಿ ಕಮಟಾಗುತ್ತದೆ, ಆದಕಾರಣ ಒಂದು ತಿಂಗಳಿಗೆ ಸಾಕಾಗುವಷ್ಟನ್ನೇ ಮಾಡಿಕೊಳ್ಳತಕ್ಕದ್ದು. ಹುರಿಹಿಟ್ಟಿಗೂ ಇದೇ ನಿಯಮ.

ಉಪ್ಪಿಟ್ಟಿನ ರವೆಯನ್ನು ಮುಂಚಿತವಾಗಿ ಹದಮಾಡಿಡುವ ಕ್ರಮ ಅನೇಕರಿಗೆ ತಿಳಿದದ್ದೇ. ಎಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಗರಿಗರಿಯಾಗುವಂತೆ ಹುರಿದ ಕರಿಬೇವು ಇವುಗಳ ಒಗ್ಗರಣೆ ಮಾಡಿ, ಅದರಲ್ಲಿಯೇ ರವೆಯನ್ನು ಕಂಪು ಬರುವವರೆಗೆ ಹುರಿದು, ಉಪ್ಪು ಬೆರೆಸಿ, ಪೂರ್ಣವಾಗಿ ಆರಿದ ಮೇಲೆ ಡಬ್ಬಿಗೆ ತುಂಬಬೇಕು. ಒಂದು ಲೋಟ ರವೆಗೆ ಎರಡೂವರೆಯಿಂದ ಮೂರು ಲೋಟ ಕುದಿಯುವ ನೀರು ಹೊಯ್ದು, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಮುಚ್ಚಿಟ್ಟರಾಯಿತು. ಇಲ್ಲಿ ರವೆಯು ಹುರಿದಿದೆಯೇ ವಿನಾ ಬೆಂದಿಲ್ಲ. ಬಿಸಿನೀರು ಸುರಿದು ಹಾಗೆಯೇ ತಿನ್ನಲು ಆತುರಪಡಬಾರದು.

ಅಂಗಡಿಯ ಮಿಶ್ರಣಗಳ ಚರಿತ್ರೆಯಲ್ಲಿಯೂ ನಮ್ಮ ನಾಡಿಗೆ ಗೌರವದ ಸ್ಥಾನವಿದೆ. 1924ರಲ್ಲಿ ಬೆಂಗಳೂರಿನಲ್ಲಿ ಉಡುಪಿ ಸೀಮೆಯ ಮಯ್ಯ ಸೋದರರು ಆರಂಭಿಸಿದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಸಿದ್ಧವಾಯಿತು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಕ್ಕಿಗೆ ಅಭಾವವುಂಟಾದಾಗ, ಅಕ್ಕಿಯ ಬದಲಿಗೆ ರವೆಯನ್ನು ಬಳಸಿ ರವೆ ಇಡ್ಲಿಯನ್ನು ರೂಪಿಸಿದವರು ತಾವೇ ಎಂಬುದು ಆ ಸಂಸ್ಥೆಯ ಹೇಳಿಕೆ. 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲು ತಿಂಡಿಗಳ ಬೆಲೆಯನ್ನು ಸರ್ಕಾರ ಬಹಳ ಕೆಳಗಿಳಿಸಿ ಕಟ್ಟುಮಾಡಿದ್ದರಿಂದ ಹೋಟೆಲನ್ನು ಕೆಲಕಾಲ ಮುಚ್ಚಬೇಕಾಗಿ ಬಂದು, ಅವರು ಸಿದ್ಧ ಮಿಶ್ರಣಗಳನ್ನೂ ಸಾಂಬಾರು ಪುಡಿಗಳನ್ನೂ ಪೊಟ್ಟಣ ಕಟ್ಟಿ ಮಾರುವ ವ್ಯವಹಾರಕ್ಕೆ ಇಳಿದರು. ರವೆ ಇಡ್ಲಿಯ ಮಿಶ್ರಣದಲ್ಲಿ ಹುದುಗಿನ ಕೆಲಸವನ್ನು ಮೊಸರಿನ ಆಮ್ಲವೂ ಮಿಶ್ರಣದ ಸೋಡವೂ ಕೂಡಿ ಮಾಡುತ್ತವೆ. ಅವೆರಡೂ ಸೇರಿದಾಗ ಹುಟ್ಟುವ ಅನಿಲವು ಕಲಸಿದ ಸ್ವಲ್ಪ ಹೊತ್ತಿನಲ್ಲಿಯೇ ಹಾರಿಹೋಗುವುದರಿಂದ, ಮೊಸರು ಸ್ವಲ್ಪ ಹುಳಿಯಾಗಿರಬೇಕು, ಇಡ್ಲಿಪಾತ್ರೆಯಲ್ಲಿ ನೀರು ಕುದಿಯುತ್ತಿರಬೇಕು, ಪೊಟ್ಟಣದ ಮೇಲೆ ಹೇಳಿದ ಅವಧಿಗಿಂತ ಹೆಚ್ಚು ಹೊತ್ತು ಹಿಟ್ಟನ್ನು ಬಿಡಬಾರದು. ಅಂಗಡಿಯ ಮಿಶ್ರಣದ ಇಡ್ಲಿ ಕಲ್ಲಾಯಿತೆಂಬ ದೂರಿಗೆ ಬಹಳ ಸಲ ಕಾರಣ ಈ ವಿಳಂಬವೇ.

ಬಿಸಿ ಮಾಡಿ ಉಣ್ಣುವ ಸಿದ್ಧ ಸಾರು, ಪಲ್ಯ, ಪಲಾವುಗಳ ಬೆಳ್ಳಿಬಣ್ಣದ ಚೀಲ ಇನ್ನೊಂದು ಜಾತಿಯದು. ಬೆಟ್ಟದ ನೆತ್ತಿಯ ಹಿಮದಲ್ಲಿ ಕಾವಲಿರುವ ಯೋಧರಿಗೆ ಆಹಾರ ಒದಗಿಸುವ ಸಮಸ್ಯೆಯನ್ನು ಬಿಡಿಸಲೆಂದು 1961ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾಲಯವು ಇಂಥ ಚೀಲದ ವಿದ್ಯೆಯನ್ನು ಭಾರತೀಯ ಅಡುಗೆಗೆ ಅಳವಡಿಸಿದ ಸಂಸ್ಥೆಗಳಲ್ಲಿ ಪ್ರಮುಖವಾದುದು. ಹಲವು ಪದರಗಳ ಚೀಲದಲ್ಲಿ ಆಹಾರವನ್ನು ತುಂಬಿ, ಬಾಯಿ ಬೆಸೆದು, ಒತ್ತಡದ ಪಾತ್ರೆಯಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಳಪಡಿಸಿದಾಗ, ಸಾಧಾರಣ ಕುದಿತಕ್ಕೆ ಜಗ್ಗದ ಬೀಜಾಣುಗಳೂ ನಾಶವಾಗುತ್ತವೆ. ಆದ್ದರಿಂದ ಸಂರಕ್ಷಕ ರಾಸಾಯನಿಕಗಳ ನೆರವಿಲ್ಲದೆಯೇ ಆಹಾರವು ತಿಂಗಳುಗಟ್ಟಲೆ ಉಳಿಯುತ್ತದೆ. ಇದರ ರಕ್ಷಣೆಯೆಲ್ಲ ಆ ಬೆಸುಗೆಯಲ್ಲಿದೆ. ಉಬ್ಬಿದ, ಸೋರುವ, ತೂತುಬಿದ್ದ ಚೀಲವನ್ನು ರುಚಿ ನೋಡದೆಯೇ ಎಸೆಯಬೇಕು. ಒಮ್ಮೆ ಬಿಚ್ಚಿದ ಮೇಲೆ ಅದು ಮನೆಯಲ್ಲಿ ಮಾಡಿದ ಪಲ್ಯದಂತೆಯೇ ಕೆಡತಕ್ಕ ಪದಾರ್ಥ.

ಜಪಾನಿನ ಮೊಮೊಫುಕು ಆಂಡೊ 1958ರಲ್ಲಿ ಮಾರುಕಟ್ಟೆಗೆ ತಂದ ದಿಢೀರ್ ನೂಡಲ್ಸ್ ಇಂದು ನಮ್ಮ ಹಳ್ಳಿಯ ಅಂಗಡಿಗಳಲ್ಲಿಯೂ ಇದೆ. ಶ್ಯಾವಿಗೆಯನ್ನು ಆವಿಯಲ್ಲಿ ಬೇಯಿಸಿ, ಕೂಡಲೇ ಎಣ್ಣೆಯಲ್ಲಿ ಕರಿದು ನೀರನ್ನು ಹೊರಡಿಸಿದಾಗ ಉಂಟಾಗುವ ಸೂಕ್ಷ್ಮ ರಂಧ್ರಗಳೇ ಅದು ಬಿಸಿನೀರನ್ನು ಬೇಗ ಹೀರುವುದಕ್ಕೆ ಕಾರಣ. ಅಪರೂಪಕ್ಕೆ ತಿನ್ನುವುದಕ್ಕೆ ಅಡ್ಡಿಯಿಲ್ಲ. ಆದರೆ ಪೊಟ್ಟಣದ ಹಿಂಬದಿಯನ್ನು ಓದುವ ಅಭ್ಯಾಸ ಬೇಕು. ಅಲ್ಲಿ ಉಪ್ಪನ್ನು ಸೋಡಿಯಂ ಎಂಬ ಹೆಸರಿನಲ್ಲಿ ಮಿಲಿಗ್ರಾಮುಗಳಲ್ಲಿ ಕೊಟ್ಟಿರುತ್ತಾರೆ. ಆ ಸಂಖ್ಯೆಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. ವಯಸ್ಕರು ದಿನಕ್ಕೆ 5 ಗ್ರಾಮಿಗಿಂತ ಕಡಮೆ ಉಪ್ಪನ್ನು ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 1000 ಮಿಲಿಗ್ರಾಂ ಸೋಡಿಯಂ ಇರುವ ಒಂದು ಆಹಾರವು ಅದರಲ್ಲಿ ಅರ್ಧವನ್ನು ಒಂದೇ ಹೊತ್ತಿನಲ್ಲಿ ಮುಗಿಸಿಬಿಡುತ್ತದೆ. ಈ ಅಂಕಿಗಳು ನೂರು ಗ್ರಾಮಿಗೋ ಒಂದು ಸಲ ಬಡಿಸುವ ಪ್ರಮಾಣಕ್ಕೋ ಎಂಬುದನ್ನೂ ಗಮನಿಸಬೇಕು. ಪದಾರ್ಥಗಳ ಪಟ್ಟಿಯು ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ. ಪಾನೀಯದ ಪುಡಿಯ ಪಟ್ಟಿಯಲ್ಲಿ ಸಕ್ಕರೆ ಮೊದಲಿಗೆ ಬಂದಿದ್ದರೆ ನೀವು ಕೊಳ್ಳುತ್ತಿರುವುದು ಮುಖ್ಯವಾಗಿ ಸಕ್ಕರೆಯನ್ನೇ.

ಪಾನೀಯಗಳ ಮಾತು ಬಂದುದರಿಂದ, ನಮ್ಮವನ್ನೂ ನೆನೆಯೋಣ. ರಾಮನವಮಿಯ ಪಾನಕಕ್ಕೆ ಒಂದು ಲೀಟರು ನೀರಿಗೆ ನೂರರಿಂದ ನೂರೈವತ್ತು ಗ್ರಾಂ ಬೆಲ್ಲ, ಎರಡು ನಿಂಬೆಹಣ್ಣು, ಅರೆ ಚಮಚ ಒಣಶುಂಠಿಯ ಪುಡಿ, ಏಲಕ್ಕಿ, ನಾಲ್ಕು ಕಾಳು ಮೆಣಸು ಸಾಕು. ಬೆಲ್ಲ ಕರಗಿದ ಮೇಲೆ ಶೋಧಿಸುವುದನ್ನು ಮಾತ್ರ ಬಿಡಬಾರದು. ಅದರ ಜೊತೆಯ ಕೋಸಂಬರಿಗೆ ಹೆಸರುಬೇಳೆಯನ್ನು ಅರ್ಧ ಗಂಟೆ ನೆನೆಸಿದರಾಯಿತು, ಉಪ್ಪನ್ನು ಬಡಿಸುವ ಮುನ್ನ ಹಾಕಿದರೆ ನೀರು ಬಿಡುವುದಿಲ್ಲ. ಸಹ್ಯಾದ್ರಿಯ ಪುನರ್ಪುಳಿಯ ಒಣ ಸಿಪ್ಪೆಯನ್ನು ಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಹಿಸುಕಿ, ಸಕ್ಕರೆ, ಉಪ್ಪು, ಹುರಿದ ಜೀರಿಗೆಯ ಪುಡಿ ಸೇರಿಸಿದರೆ ಶರಬತ್ತಾಗುತ್ತದೆ. ಮಲೆನಾಡಿನ ಕಷಾಯದ ಪುಡಿಯಂತೂ ಪ್ರತಿಯೊಂದು ಮನೆಯಲ್ಲಿಯೂ ಇರತಕ್ಕದ್ದು: ಒಂದು ಲೋಟ ಕೊತ್ತಂಬರಿಬೀಜ, ಅರ್ಧ ಲೋಟ ಜೀರಿಗೆ, ಕಾಲು ಲೋಟ ಸೋಂಪು, ಒಂದು ದೊಡ್ಡ ಚಮಚ ಮೆಣಸು, ಒಂದು ಸಣ್ಣ ಚಮಚ ಮೆಂತ್ಯ, ಒಣಶುಂಠಿಯ ತುಂಡು ಇವನ್ನು ಬಿಸಿಯಾಗುವಷ್ಟೇ ಹುರಿದು ಪುಡಿಮಾಡಿದರೆ, ಲೋಟಕ್ಕೆ ಒಂದು ಚಮಚದಂತೆ ಬೆಲ್ಲದೊಡನೆ ಮೂರು ನಿಮಿಷ ಕುದಿಸಿ, ಕೆಳಗಿಳಿಸಿದ ಮೇಲೆ ಹಾಲು ಬೆರೆಸಬಹುದು. ಬೆಲ್ಲವೂ ಹಾಲೂ ಒಟ್ಟಿಗೆ ಕುದಿದರೆ ಹಾಲು ಒಡೆಯುವ ಸಂಭವವಿದೆ.

ಕಾಫಿಯ ವಿಷಯದಲ್ಲಿ ನನ್ನ ಅಭಿಪ್ರಾಯ ನಿಶ್ಚಿತವಾದುದು. ಬ್ರೆಜಿಲಿನಲ್ಲಿ ಕೊಳ್ಳುವವರಿಲ್ಲದೆ ಉಳಿದ ಕಾಫಿಯ ರಾಶಿಗೆ ಗತಿಗಾಣಿಸುವ ಪ್ರಯತ್ನದ ಫಲವಾಗಿ 1938ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನೆಸ್‌ಕೆಫೆ ಹೊರಬಂದಂದಿನಿಂದ ಕರಗುವ ಕಾಫಿಪುಡಿ ಜಗತ್ತನ್ನು ವ್ಯಾಪಿಸಿದೆ, ಪ್ರಯಾಣದಲ್ಲಿ ಅದು ಉಪಕಾರಿಯೂ ಹೌದು. ಆದರೆ ಭಾರತದ ಕಾಫಿಯಲ್ಲಿ ಸುಮಾರು ಶೇಕಡ 70ರಷ್ಟನ್ನು ಬೆಳೆಯುವ ಈ ನಾಡಿನಲ್ಲಿ, ರಾತ್ರಿ ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಹೊಯ್ದು ಮಲಗಿದರೆ ಬೆಳಗ್ಗೆ ಡಿಕಾಕ್ಷನ್ ಸಿದ್ಧವಾಗಿರುವಾಗ, ಮನೆಯೊಳಗೆ ಆ ಕರಗುವ ಪುಡಿಯ ಆವಶ್ಯಕತೆ ಕಾಣದು. ಉಳಿದ ಡಿಕಾಕ್ಷನ್ನನ್ನು ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮರುದಿನಕ್ಕೂ ಆಗುತ್ತದೆ. ಅದನ್ನು ಒಲೆಯ ಮೇಲೆ ಕುದಿಸದೆ, ಕುದಿಯುವ ಹಾಲನ್ನು ಅದಕ್ಕೆ ಬೆರೆಸಬೇಕು.

ಬೆಂಕಿಯ ಕೆಲಸ ಮೊದಲೇ ಮುಗಿದಿರುವುದರಿಂದ ಈ ಆಹಾರಗಳಿಗೆ ಒಂದು ದೌರ್ಬಲ್ಯವೂ ಉಂಟು. ಕೊನೆಯ ಗಳಿಗೆಯಲ್ಲಿ ಸೇರುವ ನೀರನ್ನು ಶುದ್ಧಿಗೊಳಿಸುವ ಶಾಖ ಆಮೇಲೆ ಇರುವುದಿಲ್ಲ. ಅವಲಕ್ಕಿ ನೆನೆಸುವ, ಪಾನಕ ಕದಡುವ, ಮಜ್ಜಿಗೆ ತೆಳುಮಾಡುವ ನೀರು ಕುದಿಸಿ ಆರಿಸಿದ್ದಾಗಿರಲಿ, ಕಲಸುವ ಕೈ ಸಾಬೂನಿನಿಂದ ತೊಳೆದದ್ದಾಗಿರಲಿ. ಒಣಗಿದ್ದಾಗ ತಿಂಗಳು ಉಳಿದ ಪದಾರ್ಥವು ಒದ್ದೆಯಾದ ಗಳಿಗೆಯಿಂದ ಸಾಮಾನ್ಯ ಅನ್ನದ ಸ್ಥಿತಿಗೆ ಬರುತ್ತದೆ. ಬೆಂದ ಅಕ್ಕಿಯಲ್ಲಿ ಬ್ಯಾಸಿಲಸ್ ಸಿರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಾಣುಗಳು ಉಳಿದಿರಬಹುದಾಗಿದ್ದು, ಬೆಚ್ಚನೆಯ ಕೋಣೆಯಲ್ಲಿ ಕೆಲವು ಗಂಟೆಗಳೊಳಗೆ ಅವು ವೃದ್ಧಿಯಾಗಿ ವಾಂತಿ ಭೇದಿಗಳನ್ನುಂಟುಮಾಡುವ ವಿಷವನ್ನು ಬಿಡುತ್ತವೆ, ಆ ವಿಷ ಮತ್ತೆ ಬಿಸಿಮಾಡಿದರೂ ಪೂರ್ತಿ ಅಳಿಯುವುದಿಲ್ಲ. ಹುಳಿ ಬೆರೆಸದೆ ನೆನೆಸಿದ ಅವಲಕ್ಕಿಯನ್ನು ಎರಡು ಗಂಟೆಯೊಳಗೆ ತಿಂದು ಮುಗಿಸುವುದೇ ಕ್ಷೇಮ.

ಜೂನ್ ತಿಂಗಳಲ್ಲಿ ಮಕ್ಕಳನ್ನು ಓದಿಗಾಗಿ ಬೇರೆ ಊರಿಗೆ ಕಳುಹಿಸುವ ತಂದೆತಾಯಂದಿರು ಪೆಟ್ಟಿಗೆಯಲ್ಲಿ ಎರಡು ಸೇರು ಗಟ್ಟಿ ಅವಲಕ್ಕಿ, ಒಂದು ಡಬ್ಬಿ ಹುರಿಹಿಟ್ಟು, ಗಾಜಿನ ಸೀಸೆಯಲ್ಲಿ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಕಷಾಯದ ಪುಡಿ, ಒಂದು ಅಳತೆಯ ಲೋಟ, ಮುಚ್ಚಳವಿರುವ ಒಂದು ಪಾತ್ರೆ, ಎರಡು ಒಣ ಚಮಚಗಳನ್ನು ಇಟ್ಟು ಕಳುಹಿಸಲಿ. ಪ್ರತಿಯೊಂದು ಡಬ್ಬಿಯ ಮೇಲೂ ಅದನ್ನು ಮಾಡಿದ ದಿನಾಂಕವನ್ನು ಬರೆದು ಅಂಟಿಸುವುದನ್ನು ಮರೆಯದಿರಲಿ.